ಟವರ್ ಉರುಳಿಸಿದವರೇ ಟವರ್ ಕಾಯುವಾಗ

2021ರ ಅಕ್ಟೋಬರ್ 21, ಗುರುವಾರ. ಸಂಜೆ ಕಾಬೂಲಿನಲ್ಲಿ ಕರೆಂಟು ಹೋಯಿತು. ಊರಿಗೆ ಊರೇ ಕತ್ತಲಾಯಿತು. ಅಲ್ಲಿನ ಜನಕ್ಕೆ ಇದೇನು ಹೊಸದಲ್ಲ. ದರಿ ಭಾಷೆಯಲ್ಲಿ ಕರೆಂಟಿಗೆ ‘ಬರ್ಕ್’ ಅನ್ನುತ್ತಾರೆ. ‘ಬರ್ಕ್ ರಫ್ತ್’ ಅಂದರೆ ಕರೆಂಟು ಹೋಯ್ತು, ‘ಬರ್ಕ್ ಆಮದ್’ ಅಂದರೆ ಕರೆಂಟು ಬಂತು. ನಮ್ಮ ಬೀದಿಯ ಮಕ್ಕಳು ‘ಬಂತೂ’ ಅಂತ ಕೂಗುವ ಹಾಗೆ ಅಲ್ಲಿನ ಮಕ್ಕಳೂ ಕೂಗುತ್ತಾರೆ. ಆದರೆ ಅವತ್ತು ರಾತ್ರಿ ಬೇಗ ಬರಲಿಲ್ಲ. ಊರಿನ ಉತ್ತರಕ್ಕಿರುವ ಕಲಾ ಮುರಾದ್ ಬೇಗ್ ಎಂಬಲ್ಲಿ ಹೈಟೆನ್ಷನ್ ಲೈನಿನ ಟವರ್‌ಗೆ ಬಾಂಬ್ ಇಟ್ಟು ಉಡಾಯಿಸಿದ್ದರು. ಮರುದಿನ ಇಸ್ಲಾಮಿಕ್ ಸ್ಟೇಟ್‌ನ ಖೊರಾಸಾನ್ ಶಾಖೆ ಅದು ತನ್ನದೇ ಕೆಲಸ ಎಂದು ಹೇಳಿಕೊಂಡಿತು.

ಟವರ್ ಬೀಳುವುದು ಹಳೆಯ ಸುದ್ದಿ. ಹೊಸದು ಏನೆಂದರೆ, ಬಿದ್ದ ಟವರನ್ನು ಎತ್ತಿಸಬೇಕಾದವರು ಯಾರು, ಬೀಳಿಸಿದವರನ್ನು ಹುಡುಕಬೇಕಾದವರು ಯಾರು ಅನ್ನುವುದು. ಅದಕ್ಕೆ ಎರಡು ತಿಂಗಳ ಮುಂಚೆ, ಆಗಸ್ಟ್ 15ರಂದು, ತಾಲಿಬಾನ್ ಕಾಬೂಲನ್ನು ಹಿಡಿದಿತ್ತು. ಇದೇ ಲೈನಿನ ಟವರುಗಳನ್ನು ವರ್ಷಗಟ್ಟಲೆ ಉರುಳಿಸಿಕೊಂಡು ಬಂದವರು ಈಗ ‘ಟವರ್ ಮುಟ್ಟಿದರೆ ಬಿಡುವುದಿಲ್ಲ’ ಅನ್ನುವ ಸ್ಥಿತಿಗೆ ಬಂದಿದ್ದರು. ಓದಿದಾಗ ನಗು ಬಂದಿದ್ದು ನಿಜ. ಆಮೇಲೆ ಯೋಚಿಸಿದಾಗ ಅನ್ನಿಸಿತು, ಗೆರಿಲ್ಲಾ ಯುದ್ಧ ಮತ್ತು ಕರೆಂಟಿನ ನಡುವಿನ ಸಂಬಂಧ ಇಷ್ಟು ಚೆನ್ನಾಗಿ ಬೇರೆ ಕಡೆ ಕಾಣುವುದಿಲ್ಲ.

ಮೊದಲು ಟವರ್‌ನಿಂದಲೇ ಶುರು ಮಾಡೋಣ. ಮುಂದಿನ ಸಲ ಹೆದ್ದಾರಿಯಲ್ಲಿ ಹೋಗುವಾಗ ಒಂದು ಟವರ್ ಪಕ್ಕ ಗಾಡಿ ನಿಲ್ಲಿಸಿ ನೋಡಿ. ನಾಲ್ಕು ಕಾಲು, ಮೇಲೆ ಅತ್ತಿತ್ತ ಚಾಚಿದ ಕೈಗಳು, ಕೈಯಿಂದ ಜೋತುಬಿದ್ದ ಬಿಲ್ಲೆಗಳ ಸರ, ಸರದ ತುದಿಯಲ್ಲಿ ತಂತಿ. ಒಂದು ಕಾಲಿಗೆ ತಲೆಬುರುಡೆ ಚಿತ್ರದ ‘ಅಪಾಯ’ ಬೋರ್ಡು, ಅದರ ಬಣ್ಣ ಅರ್ಧ ಹೋಗಿರುತ್ತದೆ. ಕೆಳಗೆ ಯಾರದೋ ರಾಗಿ ಹೊಲ. ಕಾಲಿಗೆ ಯಾರೋ ಎಮ್ಮೆ ಕಟ್ಟಿರುತ್ತಾರೆ. ಮೇಲಿನಿಂದ ಜುಂಯ್ ಅಂತ ಸಣ್ಣ ಸದ್ದು. ಕಾವಲುಗಾರ? ಇಲ್ಲ. ಅರ್ಧ ಊರನ್ನು ಬೆಳಗುವ ವಸ್ತು ಸುಮ್ನೆ ಬಯಲಲ್ಲಿ ನಿಂತಿರುತ್ತದೆ. ಯಾರೂ ಮುಟ್ಟುವುದಿಲ್ಲ ಎಂಬ ನಂಬಿಕೆಯೇ ಅದಕ್ಕೆ ಬೇಲಿ.

ಆ ನಂಬಿಕೆ ಮುರಿದ ದೇಶದಲ್ಲಿ ಏನಾಗುತ್ತದೆ, ಲೆಕ್ಕ ಹಾಕಿ. ಉತ್ತರದ ಪುಲ್-ಎ-ಖುಮ್ರಿಯಿಂದ ಕಾಬೂಲಿಗೆ ಬರುವ 220 ಕಿಲೋವೋಲ್ಟ್ ಲೈನಿನ ಉದ್ದ ಸುಮಾರು 202 ಕಿಲೋಮೀಟರ್. ಕಿಲೋಮೀಟರಿಗೆ ಮೂರು ಟವರ್ ಅಂತ ಹಿಡಿದರೂ 600 ಆಯಿತು. ಒಂದೊಂದಕ್ಕೆ ಹಗಲು ನಾಲ್ಕು ಜನ, ರಾತ್ರಿ ನಾಲ್ಕು ಜನ ಕಾವಲು ಹಾಕಿದರೆ 4,800 ಜನ. ಇದು ಒಂದೇ ಲೈನಿಗೆ. ಅವರಿಗೆ ಊಟ, ಸಂಬಳ, ಬಂದೂಕು, ಹಿಮದಲ್ಲಿ ಬೆಂಕಿ ಕಾಯಿಸಿಕೊಳ್ಳಲು ಸೌದೆ. ಎದುರಾಳಿಗೆ ಬೇಕಾದ್ದು ಒಂದು ರಾತ್ರಿ, ಒಂದು ಟವರ್. ಬಡ ಸೈನ್ಯವೊಂದು ಶ್ರೀಮಂತ ಸೈನ್ಯವನ್ನು ಸುಸ್ತು ಮಾಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಈ ಲೈನಿಗೂ ನಮಗೂ ಒಂದು ನಂಟಿದೆ. ಇದನ್ನು ಕಟ್ಟಿದ್ದು ಭಾರತ. ನಮ್ಮ ಪವರ್‌ಗ್ರಿಡ್ ಸಂಸ್ಥೆ ಹಿಂದೂಕುಶ್ ಬೆಟ್ಟಸಾಲಿನ ಸಾಲಂಗ್ ಕಣಿವೆದಾರಿಯ ಮೇಲೆ ಟವರ್ ನಿಲ್ಲಿಸಿತು. ಆ ದಾರಿಯ ನೆತ್ತಿ 3,878 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟು. ಕಾಬೂಲಿನ ಅಂಚಿನ ಚಿಮ್ತಲಾದಲ್ಲಿ ಸಬ್‌ಸ್ಟೇಷನ್ನನ್ನೂ ಕಟ್ಟಿಕೊಟ್ಟಿತು. 2009ರಲ್ಲಿ ಉಜ್ಬೇಕಿಸ್ತಾನದ ಕರೆಂಟು ಈ ತಂತಿಯಲ್ಲಿ ಹರಿದು ಕಾಬೂಲಿಗೆ ಬಂತು. ಅದಕ್ಕೂ ಮೊದಲು ಆ ರಾಜಧಾನಿಯಲ್ಲಿ ದಿನಕ್ಕೆ ಕೆಲವು ಗಂಟೆ ಕರೆಂಟು ಸಿಕ್ಕರೆ ಅದೃಷ್ಟ. ಅದು ಬಂದ ಮೇಲೆ ಜನ ಫ್ರಿಜ್ ಕೊಂಡರು, ದರ್ಜಿಗಳು ಹೊಲಿಗೆ ಯಂತ್ರಕ್ಕೆ ಮೋಟಾರ್ ಹಾಕಿಸಿದರು, ಮಕ್ಕಳು ರಾತ್ರಿ ಓದಿದರು. ಒಮ್ಮೆ ಅಭ್ಯಾಸ ಆಯಿತಲ್ಲ, ಇನ್ನು ಅದನ್ನು ಕಿತ್ತುಕೊಂಡರೆ ನೋವಾಗುತ್ತದೆ. ಕತ್ತಲೆಗೆ ಒಗ್ಗಿಹೋದ ಊರನ್ನು ಕತ್ತಲೆಯಿಂದ ಹೆದರಿಸಲು ಆಗುವುದಿಲ್ಲ.

ಅಫ್ಘಾನಿಸ್ತಾನ ಬಳಸುವ ಕರೆಂಟಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಹೊರಗಿನದು. ಉಜ್ಬೇಕಿಸ್ತಾನ, ತಜಿಕಿಸ್ತಾನ, ತುರ್ಕಮೆನಿಸ್ತಾನ, ಇರಾನ್, ಈ ನಾಲ್ಕು ನೆರೆಯವರಿಂದ ಬರುತ್ತದೆ. ನಾಲ್ಕು ಕಡೆಯಿಂದ ಬಂದರೆ ಒಳ್ಳೆಯದೇ ಅಲ್ವಾ, ಒಂದು ಹೋದರೆ ಇನ್ನೊಂದು ಇರುತ್ತದೆ ಅಂತ ಅನ್ನಿಸಬಹುದು. ಎಡವಟ್ಟು ಇರುವುದು ಅಲ್ಲೇ. ಕರೆಂಟು ಸೆಕೆಂಡಿಗೆ 50 ಸಲ ಆಚೆ ಈಚೆ ತುಯ್ಯುತ್ತದೆ. ಎರಡು ಕಡೆಯ ಕರೆಂಟನ್ನು ಒಂದೇ ಜಾಲಕ್ಕೆ ಸೇರಿಸಬೇಕಾದರೆ ಎರಡರ ತುಯ್ತವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ನೊಗಕ್ಕೆ ಕಟ್ಟಿದ ಎರಡು ಎತ್ತು ಒಂದೇ ಹೆಜ್ಜೆ ಹಾಕಬೇಕು, ಒಂದು ಮುಂದೆ ಒಂದು ಹಿಂದೆ ಎಳೆದರೆ ನೊಗ ಮುರಿಯುತ್ತದೆ. ಆ ನಾಲ್ಕು ದೇಶಗಳ ಎತ್ತುಗಳನ್ನು ಅಫ್ಘಾನಿಸ್ತಾನದಲ್ಲಿ ಒಂದೇ ನೊಗಕ್ಕೆ ಕಟ್ಟಲು ಆಗಿಲ್ಲ. ಹಾಗಾಗಿ ಆ ದೇಶದಲ್ಲಿ ಒಂದು ಜಾಲ ಇಲ್ಲ, ಬಿಡಿಬಿಡಿ ದ್ವೀಪಗಳಿವೆ. ಹೆರಾತ್ ಇರಾನ್ ಮತ್ತು ತುರ್ಕಮೆನಿಸ್ತಾನದ ಕಡೆ ನೋಡುತ್ತದೆ. ಕಾಬೂಲ್ ಉತ್ತರದ ಕಡೆ ನೋಡುತ್ತದೆ. ಕಂದಹಾರ್ ಬಹುಕಾಲ ಒಂದು ಹಳೆಯ ಅಣೆಕಟ್ಟು ಮತ್ತು ಡೀಸೆಲ್ ಜನರೇಟರುಗಳನ್ನು ನಂಬಿಕೊಂಡಿತ್ತು. ಒಂದು ದ್ವೀಪದ ತಂತಿ ತುಂಡಾದರೆ ಪಕ್ಕದ ದ್ವೀಪದಿಂದ ಬೇಕಾದಷ್ಟು ಎರವಲು ತರಲು ಆಗುವುದಿಲ್ಲ.

ನಮ್ಮ ಕಡೆ ಒಂದು ಟವರ್ ಬಿದ್ದರೆ ಊರಿಗೆ ಬೇರೆ ದಾರಿಯಿಂದ ಕರೆಂಟು ಸುತ್ತಿಕೊಂಡು ಬರುತ್ತದೆ. ಬಹಳ ಸಲ ನಮಗೆ ಗೊತ್ತೇ ಆಗುವುದಿಲ್ಲ. ಜಾಲ ಕಟ್ಟುವವರ ಮೊದಲ ನಿಯಮವೇ ಅದು, ಯಾವುದೇ ಒಂದು ಭಾಗ ಕೈಕೊಟ್ಟರೂ ದೀಪ ಆರಬಾರದು. ಕಾಬೂಲಿಗೆ ಆ ಭಾಗ್ಯ ಇರಲಿಲ್ಲ. ಒಂದೇ ಕೊಳವೆಬಾವಿ, ಒಂದೇ ಪೈಪು.

2016ರ ಜನವರಿ ಕೊನೆಯ ವಾರ ಆ ಪೈಪು ತುಂಡಾಯಿತು. ಬಗ್ಲಾನ್ ಪ್ರಾಂತ್ಯದ ದಂಡ್-ಎ-ಶಹಾಬುದ್ದೀನ್ ಎಂಬಲ್ಲಿ ತಾಲಿಬಾನ್ ಟವರ್ ಉರುಳಿಸಿತು. ಪಕ್ಕದ ದಂಡ್-ಎ-ಘೋರಿಯಲ್ಲಿ ಸರ್ಕಾರದ ಸೈನ್ಯ ಅವರನ್ನು ಹೊರಗೆ ಅಟ್ಟಲು ಕಾರ್ಯಾಚರಣೆ ಶುರು ಮಾಡಿತ್ತು. ನೀವು ಇಲ್ಲಿ ಒತ್ತಿದರೆ ನಾವು ಅಲ್ಲಿ ಒತ್ತುತ್ತೇವೆ ಎಂಬ ಲೆಕ್ಕ. ನಡುಚಳಿಗಾಲದಲ್ಲಿ ಕಾಬೂಲ್ ವಾರಗಟ್ಟಲೆ ಅರೆಕತ್ತಲಲ್ಲಿ ಕಳೆಯಿತು.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಅನ್ನುತ್ತೇವಲ್ಲ, ಟವರ್ ವಿಷಯಕ್ಕೆ ಅದು ಪೂರ್ತಿ ಒಪ್ಪುವುದಿಲ್ಲ. ಟವರ್ ಎತ್ತುವುದು ಅಂಥ ದೊಡ್ಡ ಕೆಲಸವಲ್ಲ. ಪಳಗಿದ ತಂಡ, ಒಂದು ಕ್ರೇನು, ತಾತ್ಕಾಲಿಕ ಟವರಿನ ಬಿಡಿಭಾಗ ಇದ್ದರೆ ಕೆಲವು ದಿನಗಳಲ್ಲಿ ಕರೆಂಟು ಮತ್ತೆ ಹರಿಯುತ್ತದೆ. ಬಿರುಗಾಳಿಗೆ ಟವರ್ ಬಿದ್ದಾಗ ಎಲ್ಲ ದೇಶದಲ್ಲೂ ಮಾಡುವುದು ಇದನ್ನೇ. ಬಗ್ಲಾನ್‌ನಲ್ಲಿ ವಾರಗಳು ಹಿಡಿದದ್ದು ಟವರಿನಿಂದಲ್ಲ. ಸುತ್ತ ಗುಂಡಿನ ಚಕಮಕಿ ನಡೆಯುತ್ತಿತ್ತು, ನೆಲದಲ್ಲಿ ನೆಲಬಾಂಬ್ ಹೂತಿದ್ದರು. ರಿಪೇರಿಗೆ ಹೋಗಬೇಕಾದವನು ಲೈನ್‌ಮ್ಯಾನ್. ಅವನ ಕೈಯಲ್ಲಿ ಸ್ಪ್ಯಾನರ್ ಇರುತ್ತದೆ, ಬಂದೂಕು ಇರುವುದಿಲ್ಲ. ಕಾಲಿಡುವ ಮುಂಚೆ ನೆಲವನ್ನು ಯಾರಾದರೂ ಕೆದಕಿ ನೋಡಬೇಕು. ಕಂಬ ಹತ್ತಿದ ಮೇಲೆ ಅವನು ಸುತ್ತಲಿನ ಎಲ್ಲ ಬೆಟ್ಟಗಳಿಗೂ ಕಾಣುವ ಗುರಿ. ಸರ್ಕಾರಿ ವಿದ್ಯುತ್ ಕಂಪನಿಯ ಹೆಸರಿನಲ್ಲಿರುವ ‘ಬ್ರೆಷ್ನಾ’ ಎಂಬ ಪಶ್ತೋ ಪದಕ್ಕೆ ಮಿಂಚು ಅಂತಲೂ ಅರ್ಥ ಇದೆ. ಮಿಂಚಿನ ಕಂಪನಿಯವರು ಟವರ್ ಹತ್ತಿರ ಹೋಗಬೇಕಾದರೆ ಬೆಟ್ಟದ ಮೇಲಿರುವವರ ಒಪ್ಪಿಗೆ ಬೇಕಿತ್ತು. ಊರ ಹಿರಿಯರು ನಡುವೆ ಬಂದು ಮಾತಾಡಬೇಕಿತ್ತು. ಗೆರಿಲ್ಲಾಗಳು ನಿಜವಾಗಿ ಗಳಿಸಿಕೊಂಡದ್ದು ಆ ಒಪ್ಪಿಗೆ ಕೊಡುವ, ಕೊಡದಿರುವ ಅಧಿಕಾರವನ್ನು. ಉರುಳಿದ ಕಬ್ಬಿಣ ಅದಕ್ಕೆ ನೆಪ ಅಷ್ಟೆ.

ಇದು ಅರ್ಥವಾದರೆ ಮುಂದಿನದು ಅರ್ಥವಾಗುತ್ತದೆ. ಕರೆಂಟು ಕಡಿಯುವುದು ತಾಲಿಬಾನ್‌ಗೆ ಚೌಕಾಸಿಯ ಮಾತಾಗಿತ್ತು. ಸೈನ್ಯವನ್ನು ಹಿಂದೆ ಕರೆಸಿ. ನಮ್ಮ ಹಿಡಿತದ ಊರುಗಳಿಗೂ ಲೈನ್ ಎಳೆಯಿರಿ, ಇಲ್ಲವೆಂದರೆ ರಾಜಧಾನಿಗೂ ಇಲ್ಲ. ಈ ಧಾಟಿಯಲ್ಲಿ ಬೇಡಿಕೆ ಇಡುವವರು ಕರೆಂಟಿನ ಶತ್ರುಗಳಲ್ಲ, ಅದರ ಗಿರಾಕಿಗಳು. ಸ್ವಿಚ್ ಒಡೆಯುವುದು ಅವರಿಗೆ ಬೇಕಿರಲಿಲ್ಲ, ಸ್ವಿಚ್ ಮೇಲೆ ಕೈ ಇಡುವುದು ಬೇಕಿತ್ತು.

ಇದರ ಇನ್ನೊಂದು ಮುಖ ದಕ್ಷಿಣದಲ್ಲಿ, ಹೆಲ್ಮಂದ್ ಪ್ರಾಂತ್ಯದ ಕಜಾಕಿ ಅಣೆಕಟ್ಟಿನಲ್ಲಿ ಕಾಣುತ್ತದೆ. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಇದೇ ಭಾಗ. 1953ರಲ್ಲಿ ಅಮೆರಿಕದ ಕಂಪನಿ ಕಟ್ಟಿದ ಅಣೆಕಟ್ಟು ಅದು. 1975ರಲ್ಲಿ ಎರಡು ಟರ್ಬೈನ್ ಕೂತವು, ಒಂದೊಂದು 16.5 ಮೆಗಾವಾಟ್. ಮೂರನೆಯದಕ್ಕೆ ಜಾಗ ಖಾಲಿ ಬಿಟ್ಟಿದ್ದರು. ಆ ಖಾಲಿ ಜಾಗ ತುಂಬಿಸಿದರೆ ಕಂದಹಾರ್ ಬೆಳಗುತ್ತದೆ, ಜನ ಸರ್ಕಾರದ ಕಡೆ ತಿರುಗುತ್ತಾರೆ ಅಂತ ಅಮೆರಿಕ, ಬ್ರಿಟನ್ ಲೆಕ್ಕ ಹಾಕಿದವು. 2008ರ ಆಗಸ್ಟ್ ಕೊನೆಯಲ್ಲಿ ಸಾವಿರಾರು ಸೈನಿಕರು, ನೂರರಷ್ಟು ವಾಹನ, ಮೇಲೆ ಹೆಲಿಕಾಪ್ಟರು. ನಡುವೆ 200 ಟನ್ನಿಗೂ ಹೆಚ್ಚು ತೂಕದ ಟರ್ಬೈನ್ ಭಾಗಗಳು. ಮರುಭೂಮಿಯಲ್ಲಿ ಸುಮಾರು 180 ಕಿಲೋಮೀಟರ್ ದಾರಿಯನ್ನು ಗುಂಡು ಹಾರಿಸುತ್ತಾ, ನೆಲಬಾಂಬ್ ತೆಗೆಯುತ್ತಾ ದಾಟಿ ಸೆಪ್ಟೆಂಬರ್ ಶುರುವಿನಲ್ಲಿ ಅಣೆಕಟ್ಟು ತಲುಪಿದರು. ಬ್ರಿಟಿಷ್ ಪತ್ರಿಕೆಗಳು ಎರಡನೇ ಮಹಾಯುದ್ಧದ ಕಾಲದ ಸಾಹಸಗಳಿಗೆ ಇದನ್ನು ಹೋಲಿಸಿ ಬರೆದವು.

ಆಮೇಲೆ? ಟರ್ಬೈನ್ ಕೂರಿಸಲು ನೂರಾರು ಟನ್ ಸಿಮೆಂಟು ಬೇಕಿತ್ತು. ಅದು ಬರಬೇಕಾದ ರಸ್ತೆ ತಾಲಿಬಾನ್ ಕೈಯಲ್ಲಿತ್ತು. ಸಿಮೆಂಟು ಬರಲಿಲ್ಲ. ಯುದ್ಧ ಮಾಡಿ ತಂದ ಯಂತ್ರ ವರ್ಷಗಟ್ಟಲೆ ಪೆಟ್ಟಿಗೆಗಳಲ್ಲಿ ಬಿದ್ದಿತ್ತು. ಅದು ತಿರುಗಿದ್ದು 2016ರಲ್ಲಿ. ಎಂಟು ವರ್ಷ! ಆ ಹೊತ್ತಿಗೆ ತಂದವರಲ್ಲಿ ಬಹುತೇಕ ಸೈನಿಕರು ಮನೆಗೆ ಹೋಗಿಯಾಗಿತ್ತು.

ಈ ನಡುವೆ ಹಳೆಯ ಎರಡು ಟರ್ಬೈನುಗಳ ಕರೆಂಟು ಎಲ್ಲಿಗೆ ಹೋಗುತ್ತಿತ್ತು? ಒಂದು ದೊಡ್ಡ ಪಾಲು ತಾಲಿಬಾನ್ ಹಿಡಿತದ ಹಳ್ಳಿಗಳಿಗೇ ಹೋಗುತ್ತಿತ್ತು. ಕಂದಹಾರಿಗೆ ಹೋಗುವ ತಂತಿ ಅವರ ಜಾಗ ದಾಟಿಯೇ ಹೋಗಬೇಕು. ದಾರಿಯಲ್ಲೇ ಅವರು ಎಳೆದುಕೊಂಡರು. ಎಳೆದುಕೊಂಡು ಸುಮ್ಮನಿರಲಿಲ್ಲ, ಮನೆಮನೆಗೆ ಹೋಗಿ ಬಿಲ್ ವಸೂಲಿ ಮಾಡಿದರು. ಅಮೆರಿಕದ ದುಡ್ಡಿನಲ್ಲಿ ರಿಪೇರಿಯಾದ ಯಂತ್ರದ ಕರೆಂಟಿಗೆ ತಾಲಿಬಾನ್ ಬಿಲ್! ಅಣೆಕಟ್ಟನ್ನು ಅವರು ಒಡೆಯಲಿಲ್ಲ ಯಾಕೆ ಅನ್ನುವುದಕ್ಕೆ ಇನ್ನೇನು ಉತ್ತರ ಬೇಕು? ಹಾಲು ಕೊಡುವ ಹಸುವನ್ನು ಯಾರೂ ಕಡಿಯುವುದಿಲ್ಲ, ಅದು ಪಕ್ಕದ ಮನೆಯವನದಾದರೂ.

ತಾಲಿಬಾನ್‌ನ ಎದುರಾಳಿಗಳು ಟವರ್ ಬೀಳುವ ಸಮಸ್ಯೆಗೆ ಕಂಡುಕೊಂಡ ಒಂದು ಉತ್ತರ ಕಾಬೂಲ್ ಪಕ್ಕದ ತರಾಖಿಲ್ ಡೀಸೆಲ್ ಸ್ಥಾವರ. ಅಮೆರಿಕದ ನೆರವಿನ ಹಣ, 30 ಕೋಟಿ ಡಾಲರಿಗೂ ಹೆಚ್ಚು, 105 ಮೆಗಾವಾಟ್. ಟವರ್ ಬಿದ್ದರೂ ಇದು ಇರುತ್ತದೆ ಎಂಬ ಧೈರ್ಯ. ಆದರೆ ಡೀಸೆಲ್ ಎಷ್ಟು ದುಬಾರಿ ಎಂದರೆ ಅದನ್ನು ಓಡಿಸಿದರೆ ಕಂಪನಿ ಮುಳುಗುತ್ತದೆ. ಅಮೆರಿಕದ್ದೇ ತನಿಖಾ ಕಚೇರಿ ಮುಂದೊಮ್ಮೆ ಲೆಕ್ಕ ನೋಡಿದಾಗ ಅದರ ಶಕ್ತಿಯ ನೂರರಲ್ಲಿ ಒಂದು ಪಾಲೂ ಬಳಕೆಯಾಗಿರಲಿಲ್ಲ. ಮದುವೆಗೆಂದು ಹೊಲಿಸಿ ಬೀರುವಿನಲ್ಲಿಟ್ಟ ಕೋಟು ಅದು.

ಕತ್ತಲೆ ಯಾರ ಮೇಲೆ ಬೀಳುತ್ತದೆ? ಸಚಿವರ ಮನೆಗೆ, ರಾಯಭಾರ ಕಚೇರಿಗಳಿಗೆ, ಸೈನ್ಯದ ಶಿಬಿರಗಳಿಗೆ ಜನರೇಟರ್ ಇರುತ್ತದೆ. ಯಾವ ಸರ್ಕಾರವನ್ನು ಬಗ್ಗಿಸಬೇಕೆಂದು ಟವರ್ ಬೀಳಿಸಿದರೋ ಆ ಸರ್ಕಾರದ ಕೋಣೆಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಕತ್ತಲಾಗುವುದು ದರ್ಜಿಯ ಅಂಗಡಿ, ಬೇಕರಿ, ಬೆಟ್ಟದ ಮೇಲಿನ ಮಣ್ಣಿನ ಮನೆ. ಕಾಬೂಲಿನ ಹಳೆಯ ಮನೆಗಳಲ್ಲಿ ಚಳಿಗೆ ‘ಸಂದಲಿ’ ಇಡುತ್ತಾರೆ. ಗಿಡ್ಡ ಮೇಜು, ಅದರ ಕೆಳಗೆ ಕೆಂಡದ ಪಾತ್ರೆ, ಮೇಲೆ ದೊಡ್ಡ ರಜಾಯಿ. ಮನೆಮಂದಿ ಎಲ್ಲ ಸುತ್ತ ಕೂತು ರಜಾಯಿಯೊಳಗೆ ಕಾಲು ಚಾಚಿಕೊಳ್ಳುತ್ತಾರೆ. ಕೇಳಲು ಚಂದ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಉಸಿರು ಕಟ್ಟಿಸುತ್ತದೆ ಅನ್ನುವುದನ್ನೂ ಸೇರಿಸಿಕೊಂಡರೆ ಅಷ್ಟು ಚಂದ ಇಲ್ಲ. ಕರೆಂಟ್ ಹೀಟರ್ ಕೊಂಡವರು ಟವರ್ ಬಿದ್ದಾಗ ಮತ್ತೆ ಸಂದಲಿಗೆ ಮರಳಿದರು.

ಲೈನ್ ಎಲ್ಲಿಂದ ಹೋಗಬೇಕು ಅನ್ನುವುದೂ ಆ ದೇಶದಲ್ಲಿ ರಕ್ತ ಹರಿಸಿದೆ. ಹೊಸ 500 ಕಿಲೋವೋಲ್ಟ್ ಲೈನನ್ನು ಅಲ್ಪಸಂಖ್ಯಾತ ಹಜಾರಾ ಸಮುದಾಯದ ಜನ ಹೆಚ್ಚಿರುವ ಬಾಮಿಯಾನ್ ಮೂಲಕ ಒಯ್ಯಿರಿ ಅಂತ ಸಾವಿರಾರು ಹಜಾರಾಗಳು ಬೀದಿಗಿಳಿದರು. ಸರ್ಕಾರ ಸಾಲಂಗ್ ದಾರಿಯನ್ನೇ ಹಿಡಿದಿತ್ತು. 2016ರ ಜುಲೈ 23ರಂದು ಕಾಬೂಲಿನ ದೆಹ್‌ಮಜಂಗ್ ವೃತ್ತದಲ್ಲಿ ಆ ಮೆರವಣಿಗೆಯ ಮೇಲೆ ಇಸ್ಲಾಮಿಕ್ ಸ್ಟೇಟ್ ಆತ್ಮಾಹುತಿ ದಾಳಿ ನಡೆಸಿತು. 80ಕ್ಕೂ ಹೆಚ್ಚು ಜನ ಸತ್ತರು. ನಮ್ಮೂರಿಗೂ ಒಂದು ತಂತಿ ಬೇಕು ಅಂತ ಕೇಳಲು ಬಂದವರು ಅವರು.

ಭಾರತದವರೂ ಇದರ ನಡುವೆ ಸಿಕ್ಕಿಕೊಂಡರು. 2018ರ ಮೇ 6ರಂದು ಪುಲ್-ಎ-ಖುಮ್ರಿ ಹತ್ತಿರ ಸಬ್‌ಸ್ಟೇಷನ್ ಕೆಲಸಕ್ಕೆ ಹೋಗುತ್ತಿದ್ದ ಕೆಇಸಿ ಇಂಟರ್‌ನ್ಯಾಷನಲ್ ಕಂಪನಿಯ ಏಳು ಭಾರತೀಯರನ್ನು ಅವರ ಅಫ್ಘನ್ ಚಾಲಕನ ಸಮೇತ ಅಪಹರಿಸಿದರು. ಒಬ್ಬರು 2019ರ ಮಾರ್ಚ್‌ನಲ್ಲಿ ಬಿಡುಗಡೆಯಾದರು. ಅದೇ ಅಕ್ಟೋಬರಿನಲ್ಲಿ ಜೈಲಿನಲ್ಲಿದ್ದ ತಾಲಿಬಾನಿಗಳ ಬದಲಿಗೆ ಮೂವರು ಹೊರಬಂದರು. ಉಳಿದವರು ಮನೆ ಸೇರಲು ಎರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ದಿನಗೂಲಿ ಲೆಕ್ಕದಲ್ಲಿ, ಒಪ್ಪಂದದ ಮೇಲೆ ಬೇರೆ ದೇಶದಲ್ಲಿ ಟವರ್ ಹತ್ತುವ ಕೆಲಸಗಾರರ ಬಗ್ಗೆ ನಮ್ಮ ಸುದ್ದಿವಾಹಿನಿಗಳು ಮಾತಾಡುವುದು ಅವರ ಅಪಹರಣವಾದಾಗ ಮಾತ್ರ.

ಈಗ ಸ್ವಲ್ಪ ಪಕ್ಕಕ್ಕೆ ಸರಿದು ಒಂದು ಕಿರಿಕಿರಿಯ ಪ್ರಶ್ನೆ ಕೇಳಬೇಕು. ಟವರ್ ಬೀಳಿಸುವವರೆಲ್ಲ ಒಂದೇನಾ? 1961ರ ಡಿಸೆಂಬರ್ 16ರಂದು ದಕ್ಷಿಣ ಆಫ್ರಿಕಾದಲ್ಲಿ ನೆಲ್ಸನ್ ಮಂಡೇಲಾ ಮತ್ತು ಸಂಗಡಿಗರ ಎಂಕೆ ಸಂಘಟನೆ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಪಕ್ಷದ ಸಶಸ್ತ್ರ ದಳ) ತನ್ನ ಮೊದಲ ಬಾಂಬ್‌ಗಳನ್ನು ಸಿಡಿಸಿತು. ಆ ಅಭಿಯಾನದ ಗುರಿಗಳು ಸರ್ಕಾರಿ ಕಟ್ಟಡಗಳು ಮತ್ತು ವಿದ್ಯುತ್ ಟವರುಗಳು. 1964ರ ಏಪ್ರಿಲ್‌ನಲ್ಲಿ ರಿವೋನಿಯಾ ವಿಚಾರಣೆಯಲ್ಲಿ ಮಂಡೇಲಾ ಇದನ್ನು ಮುಚ್ಚಿಡಲಿಲ್ಲ. ತಮ್ಮ ಮುಂದೆ ನಾಲ್ಕು ದಾರಿ ಇದ್ದವು, ಅದರಲ್ಲಿ ಆಸ್ತಿಗೆ ಮಾತ್ರ ಹಾನಿ ಮಾಡುವ ಈ ದಾರಿ ಹಿಡಿದೆವು, ಯಾಕೆಂದರೆ ಇದರಲ್ಲಿ ಜೀವ ಹೋಗುವುದಿಲ್ಲ, ಮುಂದೆ ಕರಿಯರು ಬಿಳಿಯರು ಜೊತೆಗೆ ಬಾಳುವ ಆಸೆ ಉಳಿಯುತ್ತದೆ ಎಂಬ ಅರ್ಥದಲ್ಲಿ ವಿವರಿಸಿದರು.

ನಮ್ಮಲ್ಲೂ 1942ರ ಚಲೇಜಾವ್ ಚಳವಳಿಯಲ್ಲಿ ಬೆಳಗಾವಿ, ಧಾರವಾಡದ ಕಡೆ ಟೆಲಿಗ್ರಾಫ್ ತಂತಿ ಕತ್ತರಿಸಿದರು, ರೈಲು ಹಳಿ ಕಿತ್ತರು, ಕಂದಾಯ ಕಚೇರಿಗಳಿಗೆ ನುಗ್ಗಿದರು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಿದ್ದ ಮೈಲಾರ ಮಹಾದೇವಪ್ಪನವರನ್ನು ನಾವು ಹುತಾತ್ಮ ಅನ್ನುತ್ತೇವೆ, ಸರಿಯಾಗಿಯೇ ಅನ್ನುತ್ತೇವೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ನನಗೆ ಅನ್ನಿಸುವುದು ಇಷ್ಟು. 1942ರ ಟೆಲಿಗ್ರಾಫ್ ತಂತಿ ಸರ್ಕಾರದ ನರ. ಹಳ್ಳಿಯ ರೈತ ಅದರ ಕೆಳಗೆ ನಡೆದಾಡುತ್ತಿದ್ದ ಅಷ್ಟೆ, ಅದರಿಂದ ಅವನ ಒಲೆ ಉರಿಯುತ್ತಿರಲಿಲ್ಲ. 1961ರಲ್ಲಿ ದಕ್ಷಿಣ ಆಫ್ರಿಕಾದ ಕರಿಯರ ಬಹುಪಾಲು ಮನೆಗಳಿಗೆ ಕರೆಂಟೇ ಇರಲಿಲ್ಲ. ಟವರ್ ಬಿದ್ದರೆ ಆರುತ್ತಿದ್ದದ್ದು ಬಿಳಿಯರ ದೀಪ, ಗಣಿ, ಕಾರ್ಖಾನೆ. ಈಗ ಹಾಗಲ್ಲ. ಆಸ್ಪತ್ರೆಯ ಆಮ್ಲಜನಕ, ಕುಡಿಯುವ ನೀರಿನ ಪಂಪು, ಫ್ರಿಜ್ಜಿನಲ್ಲಿರುವ ಇನ್ಸುಲಿನ್, ಮೊಬೈಲು, ಎಲ್ಲ ಒಂದೇ ತಂತಿಗೆ ನೇತುಬಿದ್ದಿವೆ. ಜೀವ ಹೋಗುವುದಿಲ್ಲ ಎಂಬ ಮಂಡೇಲಾರ ಮಾತನ್ನು ಇವತ್ತು ಟವರ್ ಬೀಳಿಸುವ ಯಾರೂ ಎರವಲು ಪಡೆಯಲು ಆಗುವುದಿಲ್ಲ.

ಪೆರುವಿನ ಶೈನಿಂಗ್ ಪಾಥ್ ಗೆರಿಲ್ಲಾಗಳಿಗಂತೂ ಅಂಥ ಅಳುಕು ಇರಲೇ ಇಲ್ಲ. 1980ರ ದಶಕದಲ್ಲಿ ಅವರು ಟವರ್ ಬೀಳಿಸಿ ರಾಜಧಾನಿ ಲಿಮಾವನ್ನು ಕತ್ತಲು ಮಾಡಿ, ಅದೇ ಹೊತ್ತಿಗೆ ಸುತ್ತಲಿನ ಗುಡ್ಡದ ಮೇಲೆ ಬೆಂಕಿಯಲ್ಲಿ ಕುಡುಗೋಲು-ಸುತ್ತಿಗೆ ಉರಿಸುತ್ತಿದ್ದರು. ಇಡೀ ಊರಿನಲ್ಲಿ ಕಾಣುವ ಬೆಳಕು ಅದೊಂದೇ. ಅದು ನಾಟಕ, ಒಳ್ಳೆಯ ನಾಟಕ. ಆದರೆ ಮೇಣದಬತ್ತಿ ಹಚ್ಚಿಕೊಂಡು ಕೂತ ಬಡವರಲ್ಲಿ ಎಷ್ಟು ಜನ ಅದನ್ನು ನೋಡಿ ಅವರ ಕಡೆ ವಾಲಿದರು? 1992ರ ಸೆಪ್ಟೆಂಬರಿನಲ್ಲಿ ಅವರ ನಾಯಕ ಅಬಿಮಾಯೆಲ್ ಗುಸ್ಮಾನ್ ಸಿಕ್ಕಿಬಿದ್ದ ಮೇಲೆ ಆ ಚಳವಳಿ ಕುಸಿಯಿತು.

ನಮ್ಮ ದೇಶದ ಉದಾಹರಣೆಗೆ ದೂರ ಹೋಗಬೇಕಿಲ್ಲ. 2007ರ ಮೇ ಕೊನೆಯಲ್ಲಿ ಛತ್ತೀಸ್‌ಗಢದ ನಾರಾಯಣಪುರದ ಕಡೆ ಮಾವೋವಾದಿಗಳು ಮೂರು ಟವರ್ ಉಡಾಯಿಸಿದರು. ಬಸ್ತರ್ ಭಾಗ ಒಂದು ವಾರದಷ್ಟು ಕತ್ತಲಲ್ಲಿತ್ತು. ಬೈಲಾಡಿಲಾದ ಕಬ್ಬಿಣದ ಅದಿರಿನ ಗಣಿಗಳಿಗೆ ಪೆಟ್ಟು ಬಿತ್ತು. ಇಲ್ಲೂ ಕಥೆ ಕಾಬೂಲಿನದೇ. ಕಾಡಿನ ನಡುವೆ ಒಂಟಿ ಲೈನು, ಸುತ್ತಿಕೊಂಡು ಬರಲು ಬೇರೆ ದಾರಿ ಇಲ್ಲ, ರಿಪೇರಿಗೆ ಹೋಗುವವರಿಗೆ ಕಾವಲು ಬೇಕು. ಗಣಿ ನಿಂತದ್ದು ದೆಹಲಿಗೆ ಬೇಗ ಕೇಳಿಸಿತು. ಆಸ್ಪತ್ರೆಯಲ್ಲಿ ಫ್ಯಾನ್ ನಿಂತದ್ದು ಅಷ್ಟು ಬೇಗ ಕೇಳಿಸಲಿಲ್ಲ.

ಇದೆಲ್ಲ ಗೆರಿಲ್ಲಾಗಳ ಚಾಳಿ ಅಂತ ಸೈನ್ಯ ಇರುವ ದೇಶಗಳು ಮೂಗು ಮುರಿದರೆ ಅದು ಸುಳ್ಳಾಗುತ್ತದೆ. 1991ರಲ್ಲಿ ಅಮೆರಿಕ ಮತ್ತದರ ಸಂಗಡಿಗರು ಇರಾಕಿನ ವಿದ್ಯುತ್ ಸ್ಥಾವರಗಳನ್ನು ಬಾಂಬ್ ಹಾಕಿ ಮಲಗಿಸಿದರು. 1999ರಲ್ಲಿ ನೇಟೋ ವಿಮಾನಗಳು ಸರ್ಬಿಯಾದ ಲೈನುಗಳ ಮೇಲೆ ಶಾರ್ಟ್ ಸರ್ಕ್ಯೂಟ್ ಮಾಡುವ ಗ್ರಾಫೈಟ್ ಎಳೆಗಳನ್ನು ಸುರಿದು ಕತ್ತಲು ಮಾಡಿದವು. 2022ರ ಅಕ್ಟೋಬರಿನಿಂದ ರಷ್ಯಾ ಉಕ್ರೇನಿನ ಸಬ್‌ಸ್ಟೇಷನ್ನುಗಳ ಮೇಲೆ ಕ್ಷಿಪಣಿ, ಡ್ರೋನ್ ಸುರಿಯಿತು. ಟವರ್ ಎತ್ತುವುದು ಸುಲಭ, ದೊಡ್ಡ ಟ್ರಾನ್ಸ್‌ಫಾರ್ಮರ್ ಮಾಡಿಸಿ ತರುವುದಕ್ಕೆ ತಿಂಗಳುಗಟ್ಟಲೆ ಬೇಕು. ಕುಂಬಾರ-ದೊಣ್ಣೆಯ ಗಾದೆ ಪೂರ್ತಿ ಒಪ್ಪುವುದು ಅಲ್ಲಿಗೆ. 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಇದಕ್ಕಾಗಿ ರಷ್ಯಾದ ಇಬ್ಬರು ಕಮಾಂಡರ್‌ಗಳ ಮೇಲೆ ಬಂಧನದ ವಾರಂಟ್ ಹೊರಡಿಸಿತು. ಯುದ್ಧದ ಕಾನೂನು ಹೇಳುವುದು ಸ್ಥೂಲವಾಗಿ ಇಷ್ಟು: ಸೈನ್ಯಕ್ಕೆ ನಿಜಕ್ಕೂ ನೆರವಾಗುತ್ತಿರುವುದನ್ನು ಹೊಡೆಯಬಹುದು, ಆದರೆ ಸಿಗುವ ಲಾಭಕ್ಕಿಂತ ಜನರಿಗೆ ಆಗುವ ಹಾನಿ ಮಿತಿಮೀರಿ ಹೆಚ್ಚಾಗುವ ಹಾಗಿದ್ದರೆ ಹೊಡೆಯಬಾರದು. ಸೈನ್ಯದ ಶಿಬಿರಕ್ಕೂ ಹೆರಿಗೆ ಆಸ್ಪತ್ರೆಗೂ ಒಂದೇ ತಂತಿ ಹೋಗುವಾಗ ಈ ತೂಕ ಹಾಕುವವರು ಯಾರು? ಹೊಡೆಯುವವನೇ ಹಾಕುತ್ತಾನೆ. ತಕ್ಕಡಿ ಯಾವ ಕಡೆ ವಾಲುತ್ತದೆ ಅಂತ ಹೇಳಬೇಕಿಲ್ಲ.

ಗೆರಿಲ್ಲಾಗೂ ಸೈನ್ಯಕ್ಕೂ ಇರುವ ದೊಡ್ಡ ವ್ಯತ್ಯಾಸ ಬೇರೆ. ಸರ್ಬಿಯಾವನ್ನು ಕತ್ತಲು ಮಾಡಿದ ವಿಮಾನ ಚಾಲಕ ಸರ್ಬಿಯಾದಲ್ಲಿ ಬಾಳಬೇಕಿಲ್ಲ. ಗೆರಿಲ್ಲಾ ಅಲ್ಲೇ ಬಾಳಬೇಕು, ಗೆದ್ದರೆ ಅಲ್ಲೇ ಆಳಬೇಕು. ದಕ್ಷಿಣ ಆಫ್ರಿಕಾವನ್ನೇ ನೋಡಿ. ಟವರ್ ಬೀಳಿಸಿದವರ ಪಕ್ಷ 1994ರಲ್ಲಿ ಅಧಿಕಾರಕ್ಕೆ ಬಂತು. 2021ರ ನವೆಂಬರಿನಲ್ಲಿ ಲೆಥಾಬೋ ಸ್ಥಾವರದ ಹತ್ತಿರ ಒಂದು ಟವರ್ ಉರುಳಿದಾಗ, ಆಧಾರದ ತಂತಿಗಳನ್ನು ಯಾರೋ ಬೇಕಂತಲೇ ಕಡಿದಿದ್ದಾರೆ, ಇದು ಬುಡಮೇಲು ಕೃತ್ಯ ಅಂತ ದೂರಿದ್ದು ಅದೇ ಪಕ್ಷದ ಸರ್ಕಾರದ ವಿದ್ಯುತ್ ಕಂಪನಿ ಎಸ್ಕಾಮ್.

ಮತ್ತೆ ಕಾಬೂಲಿಗೆ ಬರೋಣ. 2021ರ ಬೇಸಿಗೆಯಲ್ಲಿ, ಹಳೆಯ ಸರ್ಕಾರದ ಕೊನೆಯ ತಿಂಗಳುಗಳಲ್ಲಿ, ಟವರುಗಳು ಸಾಲಾಗಿ ಬಿದ್ದವು. ಈದ್ ಹಬ್ಬದ ಹೊತ್ತಿಗೂ ಕಾಬೂಲ್ ಕತ್ತಲಾಗಿತ್ತು. ಸರ್ಕಾರ ತಾಲಿಬಾನ್ ಕಡೆ ಬೆರಳು ತೋರಿಸಿತು. ಕೆಲವನ್ನು ತಾನು ಮಾಡಿದ್ದು ಎಂದು ಇಸ್ಲಾಮಿಕ್ ಸ್ಟೇಟ್ ಹೇಳಿತು. ಆಗಸ್ಟಿನಲ್ಲಿ ತಾಲಿಬಾನ್ ಒಳಗೆ ಬಂದಾಗ ಸರ್ಕಾರಿ ಕಚೇರಿಗಳ ಜೊತೆ ಬ್ರೆಷ್ನಾ ಕಂಪನಿಯ ಬೀಗದ ಕೈಯೂ ಅವರಿಗೆ ಸಿಕ್ಕಿತು. ಒಳಗೆ ಏನಿತ್ತು? ನೆರೆಯ ದೇಶಗಳಿಗೆ ಕೊಡಬೇಕಾದ ಬಾಕಿ ಬಿಲ್. ಆ ಅಕ್ಟೋಬರಿನ ಲೆಕ್ಕದಲ್ಲಿ ಅದು 6 ಕೋಟಿ ಡಾಲರ್ ದಾಟಿತ್ತು. ಬ್ಯಾಂಕಿನಲ್ಲಿ ಹಣವಿಲ್ಲ, ವಿದೇಶದಲ್ಲಿದ್ದ ಹಣ ಸ್ತಂಭನವಾಗಿತ್ತು, ಊರಿನಲ್ಲಿ ಬಿಲ್ ಕಟ್ಟುವ ಶಕ್ತಿ ಯಾರಿಗೂ ಇರಲಿಲ್ಲ. ಚಳಿಗಾಲಕ್ಕೆ ಕಾಬೂಲ್ ಕತ್ತಲಾಗದಿರಲಿ ಅಂತ ಕಂಪನಿ ವಿಶ್ವಸಂಸ್ಥೆಯ ಮುಂದೆ 9 ಕೋಟಿ ಡಾಲರಿಗೆ ಕೈಚಾಚಿತು.

ಕಜಾಕಿಯಲ್ಲಿ 2022ರ ಜುಲೈನಲ್ಲಿ ಟರ್ಕಿಯ ಕಂಪನಿಯೊಂದು 100 ಮೆಗಾವಾಟ್ ಸೇರಿಸಿದ ಹೊಸ ಘಟಕವನ್ನು ತಾಲಿಬಾನ್ ಮಂತ್ರಿಗಳೇ ಉದ್ಘಾಟಿಸಿದರು. ಕಿರ್ಗಿಸ್ತಾನ, ತಜಿಕಿಸ್ತಾನದ ಕರೆಂಟನ್ನು ಅಫ್ಘಾನಿಸ್ತಾನದ ಮೂಲಕ ಪಾಕಿಸ್ತಾನಕ್ಕೆ ಒಯ್ಯುವ ಕಾಸಾ-1000 ಯೋಜನೆಯ ಟವರ್ ಕೆಲಸ 2021ರಲ್ಲಿ ನಿಂತಿತ್ತು, ಅದಕ್ಕೆ 2024ರಲ್ಲಿ ವಿಶ್ವಬ್ಯಾಂಕ್ ಮತ್ತೆ ಒಪ್ಪಿಗೆ ಕೊಟ್ಟಿತು. 1,300 ಮೆಗಾವಾಟಿನ ಲೈನು. ದಾಟಿಸುವುದಕ್ಕೆ ಸುಂಕ ಬರುತ್ತದೆ. ಅದರ ಟವರುಗಳಿಗೆ ಬೇರೆ ಯಾರಾದರೂ ಬಾಂಬ್ ಇಟ್ಟರೆ ನಷ್ಟ ಯಾರಿಗೆ? 2025ರ ಅಕ್ಟೋಬರಿನಲ್ಲಿ ತಾಲಿಬಾನ್ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ದೆಹಲಿಗೆ ಬಂದು ಕೂತಾಗ ಮಾತುಕತೆಯಲ್ಲಿ ಜಲವಿದ್ಯುತ್ ಕೂಡ ಬಂತು. ಭಾರತದ ಏಳು ಕೆಲಸಗಾರರನ್ನು ಹೊತ್ತೊಯ್ದ ಬಗ್ಲಾನ್ ದಾರಿ ಈಗ ಅವರದೇ ಸರ್ಕಾರದ ಹೊಣೆ.

2023ರ ಜನವರಿಯಲ್ಲಿ ಮಧ್ಯ ಏಷ್ಯಾದಲ್ಲಿ ಚಳಿ ವಿಪರೀತವಾಯಿತು. ಉಜ್ಬೇಕಿಸ್ತಾನಕ್ಕೇ ಗ್ಯಾಸು, ಕರೆಂಟು ಸಾಲದೆ ಹೋಯಿತು. ಅದು ಅಫ್ಘಾನಿಸ್ತಾನಕ್ಕೆ ಕೊಡುವುದನ್ನು ಕಡಿತ ಮಾಡಿತು. ಯಾವ ಟವರೂ ಬಿದ್ದಿರಲಿಲ್ಲ. ಸಾಲಂಗ್ ಮೇಲೆ ಎಲ್ಲ ಟವರುಗಳೂ ಹಿಮದಲ್ಲಿ ನೆಟ್ಟಗೆ ನಿಂತಿದ್ದವು, ತಂತಿಯಲ್ಲಿ ಮಾತ್ರ ಹರಿಯಬೇಕಾದಷ್ಟು ಹರಿಯುತ್ತಿರಲಿಲ್ಲ. ಕಾಬೂಲಿನ ಜನ ಬೈಕೊಂಡು ಸಂದಲಿಗೆ ಕೆಂಡ ಹಾಕಿದರು. ಬ್ರೆಷ್ನಾ ಕಚೇರಿಗೆ ಫೋನ್ ಮಾಡಿದವರಿಗೆ ತಾಲಿಬಾನ್ ನೇಮಿಸಿದ ಅಧಿಕಾರಿಗಳು ಹೇಳಿದ್ದು, ಹಿಂದಿನ ಸರ್ಕಾರದವರು ಹೇಳುತ್ತಿದ್ದದ್ದನ್ನೇ. ಸಮಸ್ಯೆ ನಮ್ಮದಲ್ಲ, ಮೇಲಿನಿಂದಲೇ ಬರುತ್ತಿಲ್ಲ.